ತುಟಿಯ ನಡುವಿನ ಸೀಸ

ಮುಳಬಾಗಿಲಿನ ಪೇಟೆ ಬೀದಿಯಲ್ಲಿ ಶ್ರೀರಾಮಪ್ಪನವರ ಅಚ್ಚುಕೂಟ ನಡೆಯುತ್ತಿದ್ದ ಕಾಲದಲ್ಲಿ, ಸುತ್ತಲಿನ ಹಳ್ಳಿಗಳ ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಎಲ್ಲವೂ ಮೊದಲು ಮುನಿಗಂಗಮ್ಮನ ಕೈಯಲ್ಲಿ ನಡೆದು ಆಮೇಲೆ ಅವರವರ ಮನೆಗಳಲ್ಲಿ ನಡೆಯುತ್ತಿದ್ದವು. ಅವಳ ಹೆಸರು ಮಾತ್ರ ಯಾವ ಕಾಗದದ ಮೇಲೂ ಬರಲಿಲ್ಲ. ಕಾರ್ಡಿನ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚುಕೂಟದ ಹೆಸರಿರುತ್ತಿತ್ತು. ಅದನ್ನು ಜೋಡಿಸುತ್ತಿದ್ದವಳೂ ಅವಳೇ.

ಅವಳು ಕ್ಯಾಲನೂರಿನವಳು. ತಂದೆ ಆವಲಪ್ಪನಿಗೆ ಒಂದಿಷ್ಟು ರಾಗಿ ಹೊಲ, ಬಾವಿಯ ಪಕ್ಕದಲ್ಲಿ ಹಿಪ್ಪುನೇರಳೆ ತೋಟ, ಕೊಟ್ಟಿಗೆಯಲ್ಲಿ ಕರೆಯುವ ಹಸು ಇದ್ದವು. ಏಳನೇ ಕ್ಲಾಸು ಪಾಸಾದ ಹುಡುಗಿಯನ್ನು ಮುಂದೆ ಓದಿಸಿ ಏನಾಗಬೇಕು ಎಂದು ಮನೆಯವರು ಸುಮ್ಮನಾದರು. ಎಪ್ಪತ್ತೆರಡರಲ್ಲಿ ಮುಳಬಾಗಿಲಿನ ಕದಿರೇಶನಿಗೆ ಕೊಟ್ಟು ಮದುವೆ ಮಾಡಿದರು. ಕದಿರೇಶ ಶ್ರೀರಾಮಪ್ಪನವರ ಬಳಿ ಟ್ರೆಡಲ್ ತುಳಿಯುತ್ತಿದ್ದ. ಕಾಲಲ್ಲಿ ತುಳಿದಂತೆಲ್ಲ ಬಾಯಿ ತೆರೆದು ಮುಚ್ಚುವ ಮುದ್ರಣ ಯಂತ್ರ ಅದು. ದಿನವೆಲ್ಲ ತುಳಿದೂ ತುಳಿದೂ ಅವನ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪವಾಗಿತ್ತು. ಒಳ್ಳೆಯವನೇ, ಕುಡಿತವಿಲ್ಲ, ಹೊಡೆತವಿಲ್ಲ. ಯಜಮಾನರ ಮುಂದೆ ನಿಂತರೆ ಮಾತ್ರ ಅವನ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಮನೆಯಲ್ಲಿದ್ದ ಇನ್ನೊಂದು ಜೀವ ಅವನ ತಾಯಿ ಚಿಕ್ಕವೆಂಕಟಮ್ಮ. ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು.

ಮದುವೆಯಾದ ಮರುವರ್ಷ ಅಚ್ಚುಕೂಟಕ್ಕೆ ಪಂಚಾಂಗದ ಕೆಲಸ ಬಂತು. ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸಲು ಇದ್ದವನು ಸೊಣ್ಣಪ್ಪ ಒಬ್ಬನೇ, ಅವನಿಗೂ ವಯಸ್ಸಾಗಿತ್ತು. ಹೆಂಡತಿಗೆ ಓದು ಬರುತ್ತೇನೋ ಎಂದು ಶ್ರೀರಾಮಪ್ಪನವರು ಕೇಳಿದರು. ಸಾಮಾನು ಕಟ್ಟಿ ತಂದ ಹಳೇ ಪೇಪರನ್ನೂ ಬಿಡದೆ ಓದುತ್ತಾಳೆ ಎಂದು ಕದಿರೇಶ ಜಂಬ ಕೊಚ್ಚಿಕೊಂಡ. ಮಾರನೆಯ ಸೋಮವಾರ ಮುನಿಗಂಗಮ್ಮ ಮೊಳೆಯ ಕೇಸಿನ ಮುಂದೆ ನಿಂತಿದ್ದಳು.

ಕನ್ನಡದ ಮೊಳೆ ಜೋಡಿಸುವುದು ಹುಡುಗಾಟವಲ್ಲ. ಕೇಸಿನ ತುಂಬ ಸಣ್ಣ ಸಣ್ಣ ಗೂಡುಗಳು. ‘ಕ’ಕ್ಕೆ ಒಂದು, ‘ಕಿ’ಗೆ ಇನ್ನೊಂದು, ಒತ್ತಕ್ಷರಗಳಿಗೆ ಬೇರೆ, ಕೊಂಬಿಗೆ ಬೇರೆ. ಎಡಗೈಯಲ್ಲಿ ಸ್ಟಿಕ್ಕು ಎಂಬ ಕಬ್ಬಿಣದ ಪುಟ್ಟ ತಟ್ಟೆ ಹಿಡಿದು, ಬಲಗೈಯಲ್ಲಿ ಒಂದೊಂದೇ ಮೊಳೆ ಆರಿಸಿ, ತಲೆಕೆಳಗಾದ ಅಕ್ಷರವನ್ನು ತಲೆಕೆಳಗಾಗಿಯೇ ಓದುತ್ತ ಕೂರಿಸಬೇಕು. ಇದೆಲ್ಲ ಅವಳಿಗೆ ಬೇಗನೆ ಒಗ್ಗಿತು. ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚಿ ಹಾಕಿ ಪಳಗಿದ ಬೆರಳುಗಳು, ಗೂಡು ನೋಡದೆ ಮೊಳೆ ಎತ್ತುವುದನ್ನು ಕಲಿತವು.

ಕಷ್ಟ ಇದ್ದದ್ದು ಸಾಲಿನ ಕೊನೆಯಲ್ಲಿ. ಸ್ಟಿಕ್ಕಿನ ಅಗಲ ಮೊದಲೇ ಬಿಗಿ ಮಾಡಿಟ್ಟದ್ದು. ಕೊನೆಯ ಪದ ಅದರೊಳಗೆ ಹಿಡಿಸಿದರೆ ಸರಿ. ಹಿಡಿಸದಿದ್ದರೆ ಮುಂದಿನ ಸಾಲಿಗೆ ತಳ್ಳಬೇಕು. ತಳ್ಳಿದರೆ ಈ ಸಾಲು ಹಲ್ಲು ಬಿದ್ದ ಬಾಯಿಯಂತೆ ಖಾಲಿ. ಆ ಖಾಲಿಯನ್ನು ಪದ ಪದದ ನಡುವೆ ಯಾರಿಗೂ ಗೊತ್ತಾಗದಂತೆ ಹಂಚಿ, ಎಡಗಡೆಯ ಹಾಗೆ ಬಲಗಡೆಯ ಅಂಚನ್ನೂ ನೇರ ಮಾಡಬೇಕು. ನಮ್ಮ ಪದಗಳೋ ಉದ್ದುದ್ದ, ಹಿಂದೆ ಬಾಲ ಕಟ್ಟಿಕೊಂಡೇ ಬರುತ್ತವೆ. ಒಂದು ಪದ ಆಚೆ ಹೋದರೆ ಅರ್ಧ ಸಾಲೇ ಬರಿದು. ಹಂಚುವುದಕ್ಕೆ ಇದ್ದವು ಸ್ಪೇಸು ಎನ್ನುವ ಸೀಸದ ಚೂರುಗಳು. ದಪ್ಪದವು, ತೆಳ್ಳನೆಯವು, ಕೂದಲೆಳೆಯಂಥವು. ಅವುಗಳಲ್ಲಿ ಒಂದು ಕಮ್ಮಿಯಾದರೂ ಸಾಲು ಸಡಿಲವಾಗಿ, ಎತ್ತಿದ ಕೂಡಲೇ ಮೊಳೆಯೆಲ್ಲ ಪುಳಪುಳ ಉದುರಿ ಬೆಳಗಿನಿಂದ ಮಾಡಿದ್ದು ನೆಲದ ಪಾಲಾಗುತ್ತಿತ್ತು.

ಸ್ಪೇಸಿನ ಗೂಡು ಇದ್ದದ್ದು ಕೇಸಿನ ಕೆಳಮೂಲೆಯಲ್ಲಿ. ಪ್ರತಿ ಸಾಲಿಗೂ ಬಗ್ಗಿ ಎದ್ದರೆ ಕೆಲಸ ಸಾಗುವುದಿಲ್ಲ. ಎಡಗೈಗೆ ಸ್ಟಿಕ್ಕು, ಬಲಗೈಗೆ ಮೊಳೆ, ಮೂರನೆಯ ಕೈಯನ್ನು ದೇವರು ಕೊಡಲಿಲ್ಲ. ಅದಕ್ಕೆ ಸೊಣ್ಣಪ್ಪ ತನಗೆ ತನ್ನ ಗುರು ಕಲಿಸಿದ ಉಪಾಯವನ್ನು ಅವಳಿಗೂ ಕಲಿಸಿದ. ಬೆಳಿಗ್ಗೆ ಕೂತಾಗ ಒಂದು ಚಿಟಿಕೆ ತೆಳ್ಳನೆಯ ಸ್ಪೇಸು ತುಟಿಯ ನಡುವೆ ಇಟ್ಟುಕೊಳ್ಳುವುದು, ಬೇಕೆಂದಾಗ ಒಂದೊಂದೇ ಕಿತ್ತು ಸಾಲಿಗೆ ಸಿಕ್ಕಿಸುವುದು. ಉಗುಳು ತಾಗಿದ ಚೂರು ಬೆರಳಿಗೆ ಅಂಟಿಕೊಂಡು ಬರುತ್ತದೆ, ಜಾರುವುದಿಲ್ಲ. ಮೊದಲ ದಿನವೇ ಅವಳಿಗೆ ಅದರ ರುಚಿ ಹತ್ತಿತು. ಸೀಸಕ್ಕೆ ಒಂದು ಥರದ ತೆಳು ಸಿಹಿ ಇದೆ.

ಆ ಸಿಹಿ ಬಾಯಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ, ಮೂಳೆಯಲ್ಲಿ ಹೋಗಿ ಕೂರುತ್ತದೆ, ಹೊಟ್ಟೆಯಲ್ಲಿ ಕೂಸಿದ್ದರೆ ಕೂಸನ್ನೂ ಮುಟ್ಟುತ್ತದೆ ಎಂದು ಸೊಣ್ಣಪ್ಪ ಹೇಳಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲ. ಸೀಸದ ದೂಳು ಒಳ್ಳೆಯದಲ್ಲ ಎನ್ನುವ ಮಟ್ಟಿಗೆ ಎಲ್ಲ ಅಚ್ಚುಕೂಟಗಳಿಗೂ ಗೊತ್ತಿತ್ತು, ಅದಕ್ಕೆ ಮದ್ದೂ ಗೊತ್ತಿತ್ತು: ಬೆಲ್ಲ. ಸಂಜೆ ಶ್ರೀರಾಮಪ್ಪನವರು ತಾವೇ ಎದ್ದು ಬಂದು ಒಬ್ಬೊಬ್ಬರಿಗೂ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದರು, ಕೆಲವು ದಿನ ಬಾಳೆಹಣ್ಣು. ಧರ್ಮಾತ್ಮರು ಎಂದು ಊರಲ್ಲಿ ಹೆಸರಾಯಿತು. ಮೊಳೆ ಮುಟ್ಟಿ ಮುಟ್ಟಿ ಕಾಡಿಗೆಯಂತಾದ ಕೈಯಲ್ಲೇ ಎಲ್ಲರೂ ಆ ಬೆಲ್ಲ ತಿನ್ನುತ್ತಿದ್ದರು. ಕೈ ತೊಳೆದು ತಿನ್ನಿ ಎಂದು ಹೇಳಿದ್ದರೆ ಒಂದು ಚೊಂಬು ನೀರಿನ ಖರ್ಚು, ಅಷ್ಟೆ.

ಬಾಯಲ್ಲಿ ಸ್ಪೇಸು ಇಟ್ಟುಕೊಂಡವರು ಮಾತಾಡುವಂತಿಲ್ಲ. ಹೀಗಾಗಿ ಅಚ್ಚುಕೂಟದಲ್ಲಿ ಮುನಿಗಂಗಮ್ಮ ಮೌನಗೌರಿ ಎಂದು ಹೆಸರಾದಳು. ನಿಜಕ್ಕೆ ಅವಳು ಮಾತಿನ ಮಲ್ಲಿ. ಮನೆಗೆ ಹೋದ ಮೇಲೆ ಆ ದಿನ ಜೋಡಿಸಿದ್ದನ್ನೆಲ್ಲ ಅತ್ತೆಗೆ ಒಪ್ಪಿಸುತ್ತಿದ್ದಳು. ಯಾರ ಮಗಳಿಗೆ ಎಲ್ಲಿಯ ಗಂಡು, ಯಾರ ಮನೆಯ ಕಾರ್ಡಿನಲ್ಲಿ ಯಾವ ಚಿಕ್ಕಪ್ಪನ ಹೆಸರು ಬಿಟ್ಟಿದ್ದಾರೆ, ಯಾವ ಪಾರ್ಟಿಯವನ ಕರಪತ್ರದಲ್ಲಿ ಎಷ್ಟು ಸುಳ್ಳು. ಚಿಕ್ಕವೆಂಕಟಮ್ಮ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಸೊಸೆ ಜೋಡಿಸಿದ ಸಾಲುಗಳು ಮಗನ ಕಾಲಿನ ಕೆಳಗೆ ಅಚ್ಚಾಗುತ್ತವೆ ಎನ್ನುವುದು ಅವರಿಗೆ ದೊಡ್ಡ ಹೆಮ್ಮೆ. ಅಕ್ಷರ ಬಾರದಿದ್ದರೂ ಕಾರ್ಡು ಕೈಗೆ ಬಂದರೆ ಬಲಗಡೆಯ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚೆನ್ನಾಗೈತೆ ಎನ್ನುತ್ತಿದ್ದರು.

ಮೊದಲನೆಯ ಬಸಿರು ಮೂರು ತಿಂಗಳಿಗೇ ಇಳಿದುಹೋಯಿತು. ಚೊಚ್ಚಲು, ಹೀಗಾಗುವುದುಂಟು ಎಂದು ಎಲ್ಲರೂ ಸಮಾಧಾನ ಹೇಳಿದರು. ಎರಡನೆಯದು ಐದು ತಿಂಗಳವರೆಗೆ ನಿಂತು ಅದೂ ಹೋಯಿತು. ಆಗ ಚಿಕ್ಕವೆಂಕಟಮ್ಮ ನಾಗದೋಷವಿರಬೇಕೆಂದು ನಾಗರ ಕಲ್ಲಿಗೆ ಹಾಲೆರೆದರು, ಸೊಸೆಯನ್ನು ಆವನಿ ಬೆಟ್ಟ ಹತ್ತಿಸಿ ಸೀತಮ್ಮನ ಗುಡಿಯ ಮುಂದೆ ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿದರು, ತಮ್ಮ ಕಿವಿಯ ಓಲೆಯನ್ನೇ ಹರಕೆ ಹೊತ್ತರು. ಮೂರನೆಯದು ತುಂಬಿ ಬಂತು. ಹೆಣ್ಣು ಕೂಸು, ತಲೆ ತುಂಬ ಕೂದಲು, ಉಸಿರಿಲ್ಲ. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದಾಗ ಚಿಕ್ಕವೆಂಕಟಮ್ಮ ಗೋಡೆಗೆ ತಲೆ ಚಚ್ಚಿಕೊಂಡರು. ಸೊಸೆಯನ್ನು ಅವರು ಒಂದು ದಿನವೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಒಂದು ಮಾತು ಆಡಿ ಹಗುರಾಗಬಹುದಿತ್ತು ಎಂದು ಮುನಿಗಂಗಮ್ಮನಿಗೆ ಅನ್ನಿಸಿತ್ತು.

ಬೀದಿಯವರಿಗೆ ಆ ಸಂಕೋಚ ಇರಲಿಲ್ಲ. ಸೀಮಂತಕ್ಕೆ ಕರೆಯುವುದನ್ನು ಬಿಟ್ಟರು. ಸೀಮಂತದ ಕಾರ್ಡು ಮಾತ್ರ ಅವಳೇ ಜೋಡಿಸಬೇಕು. ಪ್ರತಿ ಸಲವೂ ಅವಳು ಮೈ ಒಣಗುವ ಮುಂಚೆಯೇ ಅಚ್ಚುಕೂಟಕ್ಕೆ ಮರಳುತ್ತಿದ್ದಳು. ಮನೆಯಲ್ಲಿ ಕೂತರೆ ಖಾಲಿ ತೊಟ್ಟಿಲ ಕೊಂಡಿಯೇ ಕಣ್ಣಿಗೆ ಬೀಳುತ್ತಿತ್ತು. ಕೇಸಿನ ಮುಂದೆ ನಿಂತರೆ ಸಾಲು ಬಿಟ್ಟು ಬೇರೇನೂ ಇಲ್ಲ. ಒಂದು ಪುಟ ಮುಗಿದು ಎರಡೂ ಅಂಚು ನೇರವಾಗಿ ನಿಂತಾಗ ಅವಳ ಎದೆಗೆ ಸ್ವಲ್ಪ ತಂಪಾಗುತ್ತಿತ್ತು. ತನ್ನ ಕೈಯಿಂದ ಆಗುವ ಒಳ್ಳೆಯದು ಇದೊಂದೇ ಎಂದುಕೊಂಡು ಇನ್ನೊಂದು ಚಿಟಿಕೆ ಸ್ಪೇಸನ್ನು ತುಟಿಗೆ ಇಟ್ಟುಕೊಳ್ಳುತ್ತಿದ್ದಳು. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈ ನಡುವೆ ಸೊಣ್ಣಪ್ಪನ ಬಲಗೈ ಸೋತಿತು. ಮಣಿಕಟ್ಟಿನಿಂದ ಮುಂದಕ್ಕೆ ಕೈ ಜೋತುಬಿದ್ದು, ಎತ್ತಿದರೂ ನಿಲ್ಲುತ್ತಿರಲಿಲ್ಲ. ವಾತ ಎಂದು ಎಣ್ಣೆ ತಿಕ್ಕಿದರು, ಬರೆ ಹಾಕಿದರು. ಕೈ ಏಳಲಿಲ್ಲ. ಶ್ರೀರಾಮಪ್ಪನವರು ಅವನಿಗೆ ಒಂದು ಪಂಚೆ, ಒಂದು ಶಲ್ಯ ಹೊದಿಸಿ ಕೈಮುಗಿದು ಮನೆಗೆ ಕಳಿಸಿದರು. ಅವನ ಜಾಗಕ್ಕೆ ಶ್ರೀನಿವಾಸಪುರದ ಕಡೆಯಿಂದ ಎಲ್ಲಮ್ಮ ಎಂಬ ಹುಡುಗಿ ಬಂದಳು. ಎಸ್ಸೆಸ್ಸೆಲ್ಸಿ ಎರಡು ಸಲ ಕೂತು ಏಳಲಾಗದೆ, ಮುಳಬಾಗಿಲಿನಲ್ಲಿದ್ದ ಸೋದರಮಾವನ ಮನೆ ಸೇರಿದವಳು. ನಗು ಜಾಸ್ತಿ. ಅವಳಿಗೆ ಕೆಲಸ ಕಲಿಸುವ ಭಾರ ಮುನಿಗಂಗಮ್ಮನದು.

ಎಲ್ಲಮ್ಮ ಬೇಗ ಕಲಿತಳು. ಸಾಲು ತುಂಬಿಸುವುದು ಮಾತ್ರ ಬರುತ್ತಿರಲಿಲ್ಲ, ಎತ್ತಿದಾಗಲೆಲ್ಲ ಉದುರುತ್ತಿತ್ತು, ಉದುರಿದಾಗಲೆಲ್ಲ ನಗುತ್ತಿದ್ದಳು. ಒಂದು ದಿನ ಮುನಿಗಂಗಮ್ಮ ತನ್ನ ಕೈಯಾರೆ ಒಂದು ಚಿಟಿಕೆ ತೆಳು ಸ್ಪೇಸು ತೆಗೆದು ಅವಳ ತುಟಿಯ ನಡುವೆ ಇಟ್ಟಳು. ನಗೋದು ನಿಲ್ಲುತ್ತೆ, ಕೆಲಸಾನೂ ಆಗುತ್ತೆ ಎಂದು ಗದರಿದಳು. ಎಲ್ಲಮ್ಮ ಕಣ್ಣಲ್ಲೇ ನಕ್ಕಳು. ಅಂದಿನಿಂದ ಅವಳ ಸಾಲುಗಳೂ ನೇರವಾದವು. ಇಬ್ಬರೂ ಎದುರುಬದುರು ನಿಂತು ತುಟಿ ಬಿಗಿದುಕೊಂಡು ಹೊತ್ತು ಮುಳುಗುವವರೆಗೆ ಜೋಡಿಸುತ್ತಿದ್ದರು. ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತುವ ಆ ಹುಡುಗಿಯನ್ನು ಕಂಡರೆ ಮುನಿಗಂಗಮ್ಮನಿಗೆ ಒಳಗೊಳಗೇ ಜೀವ.

ಎಂಬತ್ತೊಂದರ ಬೇಸಿಗೆಯಲ್ಲಿ ಎಲ್ಲಮ್ಮನ ಮದುವೆ ಗೊತ್ತಾಯಿತು. ಗಂಡು ಮುಳಬಾಗಿಲಿನವನೇ, ಟೊಮ್ಯಾಟೊ ಮಂಡಿಯಲ್ಲಿ ಕೆಲಸ. ಲಗ್ನಪತ್ರಿಕೆಯನ್ನು ಮುನಿಗಂಗಮ್ಮ ಬೇರೆ ಯಾರಿಗೂ ಬಿಡಲಿಲ್ಲ. ಗಂಡಿನ ಕಡೆಯವರ ಹೆಸರು ಎಡಕ್ಕೆ, ಹೆಣ್ಣಿನ ಕಡೆಯವರದು ಬಲಕ್ಕೆ, ನಡುವೆ ಹೂವಿನ ಚಿತ್ರದ ಅಚ್ಚು, ಮೇಲೆ ಮನೆದೇವರ ಹೆಸರು ಸರಿಯಾಗಿ ಮಧ್ಯಕ್ಕೆ. ಹೆಣ್ಣಿನ ಕಡೆ ಹೇಳಿಕೊಳ್ಳುವ ಹಿರಿಯರು ಕಡಿಮೆ, ಹೆಸರುಗಳು ಗಿಡ್ಡ. ಆ ಬಡತನ ಕಾಣಬಾರದೆಂದು ಅಕ್ಷರ ಅಕ್ಷರದ ನಡುವೆ ಕೂದಲೆಳೆಯ ಸ್ಪೇಸು ಸಿಕ್ಕಿಸಿ ಎರಡೂ ಕಡೆಯನ್ನು ಸಮ ಮಾಡಿದಳು. ಅರ್ಧ ದಿನ ಹಿಡಿಯಿತು. ಆಗ ಅವಳಿಗೆ ಮತ್ತೆ ನಾಲ್ಕು ತಿಂಗಳಾಗಿತ್ತು, ನಾಲ್ಕನೆಯ ಸಲ. ಯಾರಿಗೂ ಹೇಳಿರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ.

ಎಲ್ಲಮ್ಮನ ಮದುವೆಯಾದ ಕೆಲವೇ ದಿನಕ್ಕೆ ಮುನಿಗಂಗಮ್ಮನಿಗೆ ಹೊಟ್ಟೆ ನುಲಿಯತೊಡಗಿತು. ಹಿಂದೆಯೂ ಹೀಗೇ ಶುರುವಾಗುತ್ತಿತ್ತು. ಈ ಸಲ ಕದಿರೇಶ ದೇವರ ಕಡೆ ನೋಡಲಿಲ್ಲ. ಯಜಮಾನರಲ್ಲಿ ರಜೆ ಬೇಡಿ, ಹೆಂಡತಿಯನ್ನು ಕರೆದುಕೊಂಡು ಕೋಲಾರದ ಬಸ್ಸು ಹತ್ತಿದ.

ಅಲ್ಲಿ ನೋಡಿದ ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಬಾಯಿ ತೆರೆ ಎಂದರು. ಕೆಳತುಟಿಯನ್ನು ಬೆರಳಿನಿಂದ ಕೆಳಗೆಳೆದವರು ಹಾಗೇ ನಿಂತುಬಿಟ್ಟರು. ಹಲ್ಲು ಒಸಡು ಕೂಡುವ ಕಡೆ ಉದ್ದಕ್ಕೂ ನೀಲಿಗಪ್ಪು ಗೆರೆ. ಏನು ಕೆಲಸ ಮಾಡುತ್ತೀಯ ಎಂದು ಕೇಳಿದರು. ಮುನಿಗಂಗಮ್ಮ ಸ್ವಲ್ಪ ಹೆಮ್ಮೆಯಿಂದಲೇ, ಮೊಳೆ ಜೋಡಿಸ್ತೀನಿ ಎಂದಳು. ಹೇಗೆ ಎಂದು ಕೇಳಿದ್ದಕ್ಕೆ ಕೈಸನ್ನೆ ಮಾಡಿ ತೋರಿಸಿದಳು: ಹೀಗೆ ಸ್ಟಿಕ್ಕು, ಹೀಗೆ ಮೊಳೆ, ಹೀಗೆ ತುಟಿಯಲ್ಲಿ ಸ್ಪೇಸು. ಡಾಕ್ಟರು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತರು.

“ಇದು ಯಾವ ದೋಷಾನೂ ಅಲ್ಲಮ್ಮ. ಸೀಸ. ನಿನ್ನ ಹಿಂದಿನ ಮಕ್ಕಳು ಹೋಗಿದ್ದೂ ಇದರಿಂದಲೇ ಇರ್ಬೇಕು. ಆ ಕೆಲಸದ ಕಡೆ ಇನ್ನು ತಲೆ ಹಾಕಬೇಡ.”

“ಇದು ಉಳಿಯುತ್ತಾ?” ಎಂದು ಮುನಿಗಂಗಮ್ಮ ಕೇಳಿದಳು.

ಆ ಕೆಲಸ ಬಿಟ್ಟುಬಿಡು, ನೋಡೋಣ ಎಂದರು ಅವರು. ಮೂಳೆಗೆ ಸೇರಿದ್ದು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲ ಎಂದೂ ಹೇಳಿದರು. ನಿನ್ನ ಜೊತೆ ಕೆಲಸ ಮಾಡುವ ಹೆಂಗಸರು ಯಾರಾದರೂ ಇದ್ದರೆ ಅವರಿಗೂ ತಿಳಿಸು ಎಂದು ಬಾಗಿಲವರೆಗೂ ಬಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳಿಗೆ ಸೊಣ್ಣಪ್ಪನ ಜೋತುಬಿದ್ದ ಕೈ ನೆನಪಾಯಿತು. ತಲೆ ತುಂಬ ಕೂದಲಿದ್ದ ಹೆಣ್ಣು ಕೂಸು ನೆನಪಾಯಿತು. ಅದನ್ನು ನಾಗದೋಷ ಕೊಂದಿರಲಿಲ್ಲ, ತನ್ನ ಬಾಯೇ ಕೊಂದಿತ್ತು. ಆಮೇಲೆ ಎಲ್ಲಮ್ಮ ನೆನಪಾದಳು. ಬಸ್ಸು ಇಳಿದವಳೇ ಅಚ್ಚುಕೂಟದ ಕಡೆ ಹೆಜ್ಜೆ ಹಾಕಿದಳು. ಕದಿರೇಶ ಕೈ ಹಿಡಿದು ನಿಲ್ಲಿಸಿದ. ಮೊದಲು ಯಜಮಾನರ ಕಿವಿಗೆ ಹಾಕೋಣ, ಅವರನ್ನು ಕೇಳದೆ ಏನೂ ಮಾಡುವುದು ಬೇಡ ಎಂದ.

ಶ್ರೀರಾಮಪ್ಪನವರು ಮಾರನೆಯ ದಿನ ತಾವೇ ಮನೆಗೆ ಬಂದರು, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಚಾಪೆಯ ಮೇಲೆ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ನಿಜಕ್ಕೂ ಮರುಗಿದರು, ಅವರ ಕಣ್ಣೂ ಒದ್ದೆಯಾಯಿತು. ಕೆಟ್ಟವರಾಗಿದ್ದರೆ ಈ ಕಥೆ ಬೇರೆಯಾಗುತ್ತಿತ್ತು, ಅವರು ಕೆಟ್ಟವರಲ್ಲ. ಇಡೀ ಮಳೆಗಾಲಕ್ಕೆ ಸಾಕಾಗುವಷ್ಟು ಅಚ್ಚಿನ ಕೆಲಸ ಒಪ್ಪಿಕೊಂಡು ಕೂತಿದ್ದ ಯಜಮಾನರು, ಅಷ್ಟೆ. ಮುನಿಗಂಗಮ್ಮ ನೆಮ್ಮದಿಯಾಗಿ ತವರಿಗೆ ಹೋಗಿ ಬರಲಿ, ಹೆರಿಗೆ ಆಗಲಿ, ಕದಿರೇಶನ ಕೆಲಸಕ್ಕೆ ಏನೂ ತೊಂದರೆ ಇಲ್ಲ ಎಂದರು. ಎದ್ದು ಚಪ್ಪಲಿ ಮೆಟ್ಟುವಾಗ ಧ್ವನಿ ತಗ್ಗಿಸಿದರು.

“ಆ ಡಾಕ್ಟ್ರಮ್ಮ ಹೇಳಿದ್ದು ನಿನ್ನ ಹೊಟ್ಟೇಲೇ ಇರ್ಲಮ್ಮ. ಎಲ್ಲಮ್ಮಂಗೆ ಈಗ್ಲೇ ಗಾಬರಿ ಹುಟ್ಟಿಸ್ಬೇಡ. ಅವಳೂ ಬಿಟ್ಟೋದ್ರೆ ನಾನು ಬಾಗ್ಲು ಹಾಕ್ಬೇಕಾಗ್ತೈತೆ, ಆಮೇಲೆ ಕದಿರೇಶ ಎಲ್ಲಿ ತುಳೀತಾನೆ ಹೇಳು.”

ಕದಿರೇಶನ ಬೆನ್ನು ಬಾಗಿತು. ಮುನಿಗಂಗಮ್ಮ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಆಗಲಿ ಎಂದಳು. ಹೆರಿಗೆಯಾಗಿ ಬಂದ ಮೇಲೆ ತಾನೇ ಕೂರಿಸಿಕೊಂಡು ಹೇಳಿದರಾಯಿತು, ಹೊಸದಾಗಿ ಮದುವೆಯಾದ ಹುಡುಗಿ, ಅವಳಿಗೆ ಇಷ್ಟು ಬೇಗ ಏನಾಗುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ. ಒಪ್ಪದಿದ್ದರೂ ಸುಮ್ಮನಿತ್ತು.

ಆ ವಾರವೇ ಎಲ್ಲಮ್ಮ ನೋಡಲು ಬಂದಳು. ಹೊಸ ಕರಿಮಣಿ, ಹೊಸ ಸೀರೆ, ಮಡಿಲಲ್ಲಿ ತಂದಿದ್ದ ಮಾವಿನಹಣ್ಣು. ಅಕ್ಕನ ಕಾಲಿನ ಹತ್ತಿರ ಕೂತು, ಡಾಕ್ಟರು ಏನಂದರು ಎಂದು ಕೇಳಿದಳು. ಮುನಿಗಂಗಮ್ಮನ ಬಾಯಿಗೆ ನಿಜ ಬಂದೇ ಬಂತು. ಬಾಗಿಲ ಹತ್ತಿರ ಕದಿರೇಶ ಅಂಗಿ ಹಾಕಿಕೊಳ್ಳುತ್ತ ನಿಂತಿದ್ದ, ಕೆಲಸಕ್ಕೆ ಹೊರಟಿದ್ದ. ರಕ್ತ ಕಮ್ಮಿ ಅಂತೆ ಕಣೇ, ಆರಾಮ ಮಾಡ್ಬೇಕಂತೆ ಎಂದುಬಿಟ್ಟಳು. ಎಲ್ಲಮ್ಮ ನಂಬಿದಳು. ಅಕ್ಕನ ಪಾಲಿನ ಕೆಲಸವನ್ನೂ ತಾನೇ ಮಾಡುತ್ತಿದ್ದೇನೆ, ಈಗ ಒಂದು ಸಾಲೂ ಉದುರುವುದಿಲ್ಲ ಎಂದು ಹೇಳಿ ಖುಷಿಯಾಗಿ ಹೋದಳು.

ಕ್ಯಾಲನೂರಿನಲ್ಲಿ ತಾಯಿ ಅವಳನ್ನು ಅಂಗೈ ಮೇಲಿಟ್ಟು ನೋಡಿಕೊಂಡಳು. ಹಾಲು, ಮೊಟ್ಟೆ, ರಾಗಿ ಅಂಬಲಿ. ನೆಲಕ್ಕೆ ಬಗ್ಗಲು ಬಿಡಲಿಲ್ಲ. ಹೊಟ್ಟೆ ನುಲಿಯುವುದು ನಿಂತಿತು, ಕೂಸು ಒದೆಯತೊಡಗಿತು. ಒದ್ದಾಗಲೆಲ್ಲ ಅವಳಿಗೆ ಸಂತೋಷವೂ ಆಗುತ್ತಿತ್ತು, ಎಲ್ಲಮ್ಮನ ಮುಖವೂ ಬರುತ್ತಿತ್ತು. ಒಂದು ಕಾಗದ ಬರೆದು ಹಾಕಲೇ ಎಂದು ಎಷ್ಟೋ ಸಲ ಅನ್ನಿಸಿತು. ಕಾಗದ ಯಜಮಾನರ ಕೈಗೆ ಸಿಕ್ಕರೆ ಎಂದು ಹೆದರಿದಳು. ಈ ಕೂಸು ಒಂದು ಉಳಿದುಬಿಡಲಿ, ಆಮೇಲೆ ಎಲ್ಲರಿಗೂ ಎಲ್ಲವನ್ನೂ ಹೇಳುತ್ತೇನೆ ಎಂದು ಸೀತಮ್ಮನಿಗೆ ಮಾತು ಕೊಟ್ಟಳು. ದೇವರ ಹತ್ತಿರವೂ ವಾಯಿದೆ ಕೇಳುವುದು ನಮಗೆ ಅಭ್ಯಾಸ.

ಎಂಟನೇ ತಿಂಗಳಲ್ಲಿ ನೋವು ಬಂತು. ಎತ್ತಿನ ಗಾಡಿಯಲ್ಲಿ ರಸ್ತೆಗೆ, ಅಲ್ಲಿಂದ ಸಿಕ್ಕಿದ ಲಾರಿಯಲ್ಲಿ ಕೋಲಾರಕ್ಕೆ. ಗಂಡು ಮಗು. ಮುಷ್ಟಿಯಷ್ಟು ಮುಖ, ಬೆಕ್ಕಿನ ಮರಿಯಂಥ ಅಳು. ಅತ್ತಿತು ಎನ್ನುವುದೇ, ಸೊಸೆಯ ಜೊತೆಗಿರಲು ಮೊದಲೇ ಕ್ಯಾಲನೂರಿಗೆ ಬಂದಿದ್ದ ಚಿಕ್ಕವೆಂಕಟಮ್ಮನಿಗೆ ದೊಡ್ಡದಾಯಿತು. ಅಷ್ಟು ವರ್ಷದಲ್ಲಿ ಆ ಮನೆಯ ಕೂಸೊಂದು ಅತ್ತದ್ದು ಅದೇ ಮೊದಲು. ಎದೆಗೆ ಅವುಚಿಕೊಂಡು, ನಾ ತಂಡ್ರಿ, ನನ್ನಪ್ಪಾ, ನಾ ತಂಡ್ರಿ ಎನ್ನುತ್ತ ಆಸ್ಪತ್ರೆಯ ಜಗಲಿಯಲ್ಲೇ ಕೂತಿದ್ದರು. ಮಗುವಿಗೆ ಹಾಲು ಎಳೆಯುವ ಶಕ್ತಿ ಇರಲಿಲ್ಲ. ಹತ್ತಿಯಲ್ಲಿ ಅದ್ದಿ ಹಿಂಡಿದರೆ ಕಟಬಾಯಿಂದ ಹೊರಗೆ ಬರುತ್ತಿತ್ತು. ಮಾರನೆಯ ಬೆಳಿಗ್ಗೆ ಅವರ ತೋಳಿನಲ್ಲೇ ತಣ್ಣಗಾಯಿತು. ಆವಲಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದ. ತಂದೆಯಾದ ಕದಿರೇಶ ತಲುಪಿದಾಗ ಮಣ್ಣು ಮುಚ್ಚಿ ಆಗಿತ್ತು.

ಡಾಕ್ಟರು ಮೂಳೆಯ ಮಾತು ಹೇಳಿದ್ದರು. ಅವಳು ಬಿಟ್ಟರೂ ಸೀಸ ಅವಳನ್ನು ಬಿಟ್ಟಿರಲಿಲ್ಲ. ಈಗ ಯಾರನ್ನು ಬೈಯಬೇಕು? ಸೊಣ್ಣಪ್ಪನನ್ನೇ, ಅವನ ಗುರುವನ್ನೇ, ಬೆಲ್ಲ ಕೊಟ್ಟವರನ್ನೇ, ನೇರವಾದ ಅಂಚಿಲ್ಲದಿದ್ದರೆ ಕಾರ್ಡು ಹಿಂದಿರುಗಿಸುತ್ತಿದ್ದ ಊರಿನ ದೊಡ್ಡವರನ್ನೇ? ಮುನಿಗಂಗಮ್ಮ ಯಾರನ್ನೂ ಬೈಯಲಿಲ್ಲ. ಬಾಣಂತಿಯ ಹಾಲು ತಾನಾಗಿ ಬತ್ತುವವರೆಗೆ ತವರಿನಲ್ಲಿದ್ದು, ಶ್ರಾವಣ ಕಳೆಯುತ್ತಿದ್ದಂತೆ ಮುಳಬಾಗಿಲಿಗೆ ಬಂದಳು.

ಬಂದ ಮೂರನೆಯ ದಿನ ಎಲ್ಲಮ್ಮ ಬಂದಳು. ಚಿಕ್ಕವೆಂಕಟಮ್ಮ ನಲ್ಲಿಯ ಸಾಲಿನಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು, ಕದಿರೇಶ ಕೆಲಸಕ್ಕೆ ಹೋಗಿದ್ದ. ಎಲ್ಲಮ್ಮ ಬ್ರೆಡ್ಡಿನ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಅಕ್ಕನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಮುನಿಗಂಗಮ್ಮನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ಕಾಫಿ ಕಾಯಿಸಿ ಕೊಟ್ಟಳು. ಲೋಟ ಹಿಡಿದುಕೊಂಡು ಎಲ್ಲಮ್ಮ ಅಕ್ಕನ ಹತ್ತಿರಕ್ಕೆ ಸರಿದಳು.

“ಅಕ್ಕಾ, ಇಂಥ ಹೊತ್ತಲ್ಲಿ ನಿಂಗೆ ಹೇಳ್ಬಾರ್ದು. ಆದ್ರೆ ನಿಂಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ. ನಂಗೆ ಮೂರು ತಿಂಗ್ಳು ಅಂತವ್ರೆ ನಮ್ಮತ್ತೆ.” ಲೋಟವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ಒಂದೊಂದು ದಿನ ಹೊಟ್ಟೆ ನುಲಿಯುತ್ತೆ. ನಿಂಗೂ ಹಿಂಗೇ ಆಗ್ತಿತ್ತಾ?”

ಮುನಿಗಂಗಮ್ಮ ಅವಳ ಕೈಹಿಡಿದು ಎಬ್ಬಿಸಿ ಬಾಗಿಲ ಬೆಳಕಿಗೆ ಎಳೆದುಕೊಂಡು ಬಂದಳು. ಹೆಬ್ಬೆರಳಿನಿಂದ ಅವಳ ಕೆಳತುಟಿಯನ್ನು ಎಳೆದು ನೋಡಿದಳು. ತನ್ನಷ್ಟು ಕಪ್ಪಾಗಿರಲಿಲ್ಲ, ಪೆನ್ಸಿಲ್ಲಿನಲ್ಲಿ ಎಳೆದಷ್ಟು ತೆಳುವಾಗಿತ್ತು. ಗೆರೆ ಇತ್ತು.

ಆಗ ಅವಳು ಎಲ್ಲವನ್ನೂ ಹೇಳಿದಳು. ಸೀಸ, ಒಸಡು, ಮೂಳೆ, ಕೂಸು, ಸೊಣ್ಣಪ್ಪನ ಕೈ. ಇವತ್ತಿನಿಂದ ಕೇಸಿನ ಹತ್ತಿರ ಹೋಗಬೇಡ, ನಾಳೆಯೇ ಕೋಲಾರಕ್ಕೆ ಹೋಗೋಣ, ಆ ಡಾಕ್ಟರಿಗೇ ತೋರಿಸೋಣ ಎಂದಳು. ಕದಿರೇಶನ ಕೆಲಸ ಹೋಗಲಿ, ಅಚ್ಚುಕೂಟ ಬಾಗಿಲು ಹಾಕಲಿ ಎಂದಳು. ಇಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು.

ಎಲ್ಲಮ್ಮ ಕೇಳುತ್ತ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಒಂದೇ ಒಂದು ಮಾತು ಕೇಳಿದಳು.

“ಆ ಡಾಕ್ಟ್ರು ಇದನ್ನ ನಿಂಗೆ ಯಾವಾಗ ಹೇಳಿದ್ರು ಅಕ್ಕಾ?”

ಮೊನ್ನೆ ಹೆರಿಗೆ ಹೊತ್ತಿನಲ್ಲಿ ಎಂದುಬಿಡಬಹುದಿತ್ತು. ಎಲ್ಲಮ್ಮ ನಂಬುತ್ತಿದ್ದಳು, ಈ ಮೊದಲು ನಂಬಿರಲಿಲ್ಲವೇ. ಮುನಿಗಂಗಮ್ಮನಿಂದ ಆಗಲಿಲ್ಲ.

“ನಿನ್ನ ಮದ್ವೆ ಆದ ತಿಂಗ್ಳೇ ಕಣೇ” ಎಂದಳು.

ಹೊರಗೆ ಬೀದಿಯಲ್ಲಿ ಯಾರೋ ಬಿಂದಿಗೆ ತುಂಬಿಸಿಕೊಂಡು ಹೋದರು.

“ಆಗ ನನ್ನ ಹೊಟ್ಟೇಲಿ ಏನೂ ಇರ್ಲಿಲ್ವಲ್ಲಕ್ಕಾ” ಎಂದಳು ಎಲ್ಲಮ್ಮ ಮೆಲ್ಲಗೆ, ಕುಡಿಯದ ಕಾಫಿಯನ್ನು ಹೊಸಿಲ ಮೇಲಿಟ್ಟು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದಳು.